ಏಳುನೂರ ಹನ್ನೊಂದು

ಇಪ್ಪತ್ತೆರಡು ಸಾವಿರ ರೂಪಾಯಿ,
ಮಾರ್ಚ್ ಮೂವತ್ತೊಂದರೊಳಗೆ ಖರ್ಚಾಗಬೇಕು.
'ನಗರ ಯೋಜನೆ, ವಿನ್ಯಾಸ, ಇತ್ಯಾದಿ' ಎಂದು
ಮೇಲಿನಿಂದ ಬಂದ ಕಾಗದದಲ್ಲಿ ಒಂದೇ ಸಾಲು.
ಆ 'ಇತ್ಯಾದಿ'ಯ ಮೇಲೆ ನನಗೆ ಪ್ರೀತಿ.

ಹಾಸನದ ಈ ಗ್ರಂಥಾಲಯದಲ್ಲಿ
ಏಳುನೂರ ಹನ್ನೊಂದರ ಕಪಾಟಿಗೆ
ಹತ್ತೊಂಬತ್ತು ವರ್ಷದಿಂದ ಗಿರಾಕಿಯಿಲ್ಲ.
ಈಚೆಗೆ ಚಿತ್ರಕಲೆ, ಆಚೆಗೆ ಕೈತೋಟ,
ನಡುವೆ ಖಾಲಿ ಸೈಟು.
ಖಾಲಿ ಸೈಟಿನಲ್ಲಿ ಆಗುವುದೇ ಇಲ್ಲೂ ಆಗಿದೆ:
ಹಳೆಯ ಟೆಲಿಫೋನ್ ಡೈರೆಕ್ಟರಿ, ನಿಂತ ಗಡಿಯಾರ,
ಜವಾನ ಧರಣೇಂದ್ರಯ್ಯನ ಊಟದ ಡಬ್ಬಿ.

ಮೈಸೂರಿನ ಏಜೆಂಟ್ ಎರಡು ರಟ್ಟಿನ ಪೆಟ್ಟಿಗೆ ಇಳಿಸಿ ಹೋದ.
"ನೋಡಿ ಮೇಡಂ, ಬೇಡದ್ದು ವಾಪಸ್."
ಸೀರೆಯಂಗಡಿಯಲ್ಲಿ ಕೂತ ಹಾಗೆ ಕೂತೆ,
ಒಂದೊಂದನ್ನೇ ಬಿಚ್ಚಿ, ಅಂಚು ನೋಡಿ, ಸೆರಗು ನೋಡಿ.

ಮೊದಲನೆಯದು ನುಣುಪು ಹಾಳೆ, ಮೂರು ಕೇಜಿ ತೂಕ.
ಬೀದಿಗಳೆಲ್ಲ ತೊಳೆದು ಕವುಚಿಟ್ಟ ತಟ್ಟೆ.
ಪುಟ ತಿರುವಿದೆ, ತಿರುವಿದೆ,
ಒಬ್ಬನೇ ಒಬ್ಬ ಮನುಷ್ಯ,
ಅವನೂ ಸೈಕಲ್ ಮೇಲೆ, ಅವನದೂ ಬೆನ್ನು.
ಊರಿಗೆ ಊರೇ ಎಲ್ಲಿ ಹೋಯಿತು,
ಯಾರದಾದರೂ ಮಣ್ಣಿಗೆ ಹೋಯಿತೆ?

ಎರಡನೆಯದರಲ್ಲಿ ಬಾಣಗಳೇ ಬಾಣಗಳು.
ಬಸ್ಸು ಹೀಗೆ, ಗಾಳಿ ಹೀಗೆ, ಜನ ಹೀಗೆ.
ಜನ ಹೀಗೆ ಹೋಗುವುದಿಲ್ಲ ಸ್ವಾಮಿ.
ಮಹಾವೀರ ಸರ್ಕಲ್ಲಿನಲ್ಲಿ ಸಂಜೆ ಒಂದು ತಾಸು ನಿಲ್ಲಿ,
ಬಾಣ ಬಿಟ್ಟವನೇ ದಾರಿ ಕೇಳುತ್ತಾನೆ.

ಮೂರನೆಯದು ಬಡಕಲು. ಅಗ್ಗದ ಹಾಳೆ, ಮಸಿ ಮಸಿ ಚಿತ್ರ.
ನಾನು ಯಾವ ಪುಸ್ತಕವನ್ನೂ ಹಿಂದಿನಿಂದಲೇ ತೆರೆಯುವವಳು,
ಪದಸೂಚಿಯಿಂದ.
ಇದರಲ್ಲಿ ನೆರಳು ಇತ್ತು, ನಾಲ್ಕು ಪುಟ.
ಚರಂಡಿ ಹನ್ನೊಂದು.
ಹೆಂಗಸರ ಶೌಚಾಲಯ ಒಂದೇ ಪುಟ, ಆದರೂ ಇತ್ತು.
ಸುಮ್ಮನೆ ಕೂರುವುದಕ್ಕೆಂದೇ ಒಂದು ಅಧ್ಯಾಯ!
ಕೆರೆ ಇರಲಿಲ್ಲ.
ಇರಲಿ ಬಿಡಿ, ಕಟ್ಟಿನಕೆರೆ ಮಾರ್ಕೆಟ್ಟಿನಲ್ಲೂ ಕೆರೆ ಇಲ್ಲ,
ಕೊತ್ತಂಬರಿ ಇದೆ.

ನಲವತ್ತೇಳನೇ ಪುಟ:
ಫುಟ್‌ಪಾತಿನ ಅಂಚು ಆರಂಗುಲ ದಾಟಿದರೆ
ಮುದುಕರು ರಸ್ತೆಗಿಳಿದು ನಡೆಯುತ್ತಾರೆ.
ಹೌದೋ ಅಲ್ಲವೋ ನೋಡಿಯೇಬಿಡೋಣವೆಂದು
ಮೇಜಿನ ಮೇಲಿನ ಮರದ ಸ್ಕೇಲು ಹಿಡಿದು ಹೊರಟೆ.
ಗೇಟಿನ ಪಕ್ಕ, ಸೀರೆ ಮಡಚಿ, ಮಂಡಿಯೂರಿ
ಕಲ್ಲಿಗೆ ಆನಿಸಿ ನಿಲ್ಲಿಸಿದೆ.
ಹನ್ನೆರಡಂಗುಲದ ಸ್ಕೇಲು ಸಾಲಲಿಲ್ಲ.

ತಲೆಯೆತ್ತಿದರೆ ಹೂವಿನ ನಿಂಗಾಜಮ್ಮ
ಆಗಲೇ ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡಿದ್ದಾಳೆ.
ಅರ್ಧ ಕಟ್ಟಿದ ಕಾಕಡದ ನೂಲು ಕಚ್ಚಿಕೊಂಡೇ ಕೇಳಿದಳು:
"ಈ ಸಾರಿ ಎಲ್ಲಿಗೋಗ್ಲಿ ಅಕ್ಕ?
ಓದ್ಸಾರಿನೂ ಇಂಗೇ ಅಳತೆ ಮಾಡ್ಕಂಡೋದ್ರು.
ಮಾರನೆ ದಿನ ಜೆಸಿಬಿ ಬಂತು."

ದಿನವೂ ನನ್ನ ಜಡೆಗೆ ಅವಳದೇ ಒಂದು ಮೊಳ.
ಮೊಣಕೈಯಿಂದ ಬೆರಳ ತುದಿಗೆ ಅಳೆದು
ಕೊನೆಗೊಂದು ಗೇಣು ಹೆಚ್ಚೇ ಬಿಡುತ್ತಾಳೆ.
ಅವಳ ಮೊಳಕ್ಕೆ ನಾನು ಎಂದೂ ಹೆದರಿದ್ದಿಲ್ಲ.

"ಇದು ಬರೀ ಪುಸ್ತಕಕ್ಕೆ, ನಿಂಗಾಜಮ್ಮ."
"ಪುಸ್ತಕದಗೆ ಬರ್ಕಂಡ್ ಮೇಲೇ ಅಲ್ವಾ ಅವ್ರು ಬರೋದು?"
ಮಾತು ಹೊಳೆಯದೆ ಸ್ಕೇಲನ್ನು ಸೆರಗಿನೊಳಗೆ ಮುಚ್ಚಿಕೊಂಡೆ,
ಕದ್ದವಳ ಹಾಗೆ.

ಸಂಜೆ ಪಟ್ಟಿ ಬರೆದೆ.
ಮೂರು ಕೇಜಿಯದು ವಾಪಸ್.
ಬಾಣಗಳದ್ದು ಒಂದಿರಲಿ,
ಇಂಜಿನಿಯರಿಂಗ್ ಹುಡುಗರು ಪರೀಕ್ಷೆಗೆ ಕೇಳುತ್ತಾರೆ.
ಬಡಕಲಿನದು ಎರಡು ಪ್ರತಿ.
'ಆಯ್ಕೆಗೆ ಕಾರಣ' ಎಂಬ ಖಾನೆಯಲ್ಲಿ
'ಕೂರುವ ವಿಷಯ ಇದೆ' ಎಂದು ಬರೆದೆ,
ಆಡಿಟ್‌ನವರು ಕೇಳಿದರೆ ಕೇಳಲಿ.
ಇನ್ನೂ ಒಂದು ಪೆಟ್ಟಿಗೆ ಬಿಚ್ಚಿಲ್ಲ.

ಧರಣೇಂದ್ರಯ್ಯ ಡೈರೆಕ್ಟರಿ ಇಳಿಸಿ, ಗಡಿಯಾರ ಇಳಿಸಿ,
ಒದ್ದೆ ಬಟ್ಟೆಯಲ್ಲಿ ಹಲಗೆ ಒರೆಸಿದ.
ಡಬ್ಬಿ ಕೈಯಲ್ಲಿ ಹಿಡಿದು ನಿಂತ, ಬಹಳ ಹೊತ್ತು.
"ಎಲ್ಲ ಸರಿ ಮೇಡಂ,
ಇದನ್ನ ಇನ್ನೆಲ್ಲಿಡಲಿ?"

ಎರಡು ಪುಸ್ತಕದ ನಡುವೆ ಕೈಯಿಟ್ಟು
ಒಂದು ಗೇಣು ಸರಿಸಿದೆ.