ಎಂಟನೇ ಕಂತು

ಮಲ್ಪೆಯ ಐಸ್ ಪ್ಲಾಂಟಿನಲ್ಲಿ ನನಗೆ ರಾತ್ರಿ ಪಾಳಿ.
ಐಸು ಪುಡಿ ಮಾಡುವ ಯಂತ್ರದ ಗದ್ದಲಕ್ಕೆ
ಜಪಾನಿ ಸೀರಿಯಲ್ಲೇ ವಾಸಿ:
ಕೇಳಿಸುವುದೇ ಬೇಡ, ಸಬ್‌ಟೈಟಲು ಸಾಕು.

ಏಳು ಕಂತು ಕಾದೆ.
ಅವನು ರೈಲ್ವೆ ಗೇಟಿನ ಆಚೆ, ಅವಳು ಈಚೆ.
ಗೇಟು ಎದ್ದರೂ ಮಾತು ಏಳಲಿಲ್ಲ.
'ಕ್ಷಮಿಸಿ' ಅಂದ. ಅವಳೂ 'ಕ್ಷಮಿಸಿ'.
ತಪ್ಪೇನೆಂದು ಇಬ್ಬರಿಗೂ ಗೊತ್ತಿಲ್ಲ, ನನಗೂ.

ಮೊದಲ ಕಂತಿನಲ್ಲಿ
ಅವಳ ಕನ್ನಡಕ ಅಂಗಿಯ ತುದಿಯಲ್ಲಿ ಒರೆಸಿಕೊಟ್ಟಿದ್ದನಲ್ಲ,
ಅಷ್ಟಕ್ಕೇ ಮರುಳಾದೆ ಮಾರಾಯ್ರೆ.

ಎಂಟನೆಯದರ ನಡುವೆ
ತಾಂಡೇಲ ಜಯಕರ ಬಂದು ಬಾಗಿಲು ಬಡಿದ:
"ಅಕ್ಕಾ, ಮೂವತ್ತು ಬ್ಲಾಕು, ಬೇಗ.
ಬೂತಾಯಿ ಕಾಯುವುದಿಲ್ಲ."

ಒತ್ತಿ ನಿಲ್ಲಿಸಿದೆ.
ಅವನ ಬಾಯಿ ಅರ್ಧ ತೆರೆದಿತ್ತು.
ಈಗಲೂ ಹಾಗೇ ಇರಬೇಕು.