ಕಳೆ

ಫಕ್ಕೀರವ್ವನ ದನದ ಹಕ್ಕಿಯ ಗ್ವಾಡಿಗೆ ಒಂದು ತಗ್ಗು ಐತಿ,
ಅಂಗೈ ಬಗ್ಗಿಸಿ ಇಟ್ಟರ ಸರಿಯಾಗಿ ಕೂಡೂವಷ್ಟು.
ಮೂರು ವರ್ಷ ಸಣ್ಣಕ್ಕ ನೆಕ್ಕಿದ್ದು.

ಸಣ್ಣಕ್ಕ ಅಂದ್ರ ಎಮ್ಮಿ.
ದೊಡ್ಡಕ್ಕನ ಮಗಳು, ಅದಕ್ಕ ಸಣ್ಣಕ್ಕ.
ಕ್ವಾಡು ಹಿಂದಕ್ಕ ಬಾಗಿ ಹೆಗಲಿಗೆ ಮುಟ್ಟ್ಯಾವ,
ಎರಡು ಕುಡಗೋಲು ಹೊತ್ತು ಕೂಲಿಗೆ ಹೊಂಟಂಗ.

ಕಣಿಕಿ ಮುಂದ ಬಿದ್ದಿರತಿತ್ತು, ಹಿಂಡಿ ನೆನದಿರತಿತ್ತು,
ಅದು ಮಾತ್ರ ಮಾರಿ ತಿರುವಿ ಗ್ವಾಡಿ ಮಣ್ಣು ನೆಕ್ಕೋದು.
ಒಣಹಾಕಿದ ಸೀರಿ ಸೆರಗು ಅಗಿಯೋದು.
ಒಮ್ಮೆ ಡೇರಿ ರಜಿಸ್ಟರು ಅಲ್ಲೇ ಮರೆತು ಬಂದೆ,
ಇಡೀ ಊರಿನ ಜುಲೈ ತಿಂಗಳ ಫ್ಯಾಟು
ಎರಡು ಹಾಳಿ ಸಮೇತ ನುಂಗಿ ಕುಂತಿತ್ತು.

ದೃಷ್ಟಿ ಆಗೇತಿ ಅಂದರು ಓಣಿಯವರು.
"ಹಸಿವು," ಅಂದ್ಳು ಫಕ್ಕೀರವ್ವ,
"ಯಾತರ ಹಸಿವೋ, ತಿಳೀವಲ್ತು."

ಪಶು ಆಸ್ಪತ್ರಿ ಕಂಪೌಂಡರು ಇಮಾಮಹುಸೇನ
ಹುಬ್ಬಳ್ಳಿಯಿಂದ ಬಸ್ಸಿನ ತಲಿಮ್ಯಾಲ ಒಂದು ಚೀಲ ತಂದ.
ಹಸರೂ ಅಲ್ಲ, ಕರೀದೂ ಅಲ್ಲ, ಅಂಥಾ ಪುಡಿ.
ಚೀಲದ ಮ್ಯಾಲಿಂದು ನಾನು ಓದಿದೆ: ಕಡಲಕಳೆ.

"ಕಳೇನ?"
ನಡದ ಮ್ಯಾಲ ಕೈ ಬಂತು.
"ಪರಕಾರ ಉಡೂವಾಗಿಂದ ಕಳೆ ಕಿತ್ತೀನಿ ನಾನು,
ಶೇಂಗಾದಾಗಿಂದು, ಮೆಣಸಿನ ಸಾಲಿಂದು, ಉಳ್ಳಾಗಡ್ಡಿ ಮಡೀದು,
ಕಿತ್ತು ಕಿತ್ತು ಬದುವಿಗೆ ಒಗದು ಉಗುರು ಸವದಾವ.
ಈಗ ರೊಕ್ಕಾ ಕೊಟ್ಟು ಕಳೆ ತರಬೇಕ?
ಯಾರ ಹೊಲದ್ದದು?"

ಯಾರ ಹೊಲದ್ದೂ ಅಲ್ಲ, ಅಂದ ಇಮಾಮಹುಸೇನ.
ನಿಮ್ಮ ಹೊಲದ ಸತ್ವಾ ಮಳಿ ತೊಳೀತು,
ಹಳ್ಳಾ ಒಯ್ತು, ಹಳ್ಳದ ಕೈಯಿಂದ ಹೊಳಿ ಇಸಗೊಂಡ್ತು,
ಹೊಳಿ ಎಲ್ಲಿ ಇಡತೈತಿ? ಕಡಲಾಗ.
ಅದರಾಗಿಂದ ಒಂದು ಚೀಲ ತಿರುಗಿ ತಂದೀನಿ, ಅಷ್ಟ.

ಬಾಯಿ ಬಿಚ್ಚಿದ ಕೂಡಲೆ ವಾಸನಿ.
ಲಿಂಗಾ ಕಟ್ಟಿದ ಮನಿ, ಸೆರಗು ಮೂಗಿಗೆ ಹೋತು.
"ಇದು ಮೀನ."
"ಮೀನಲ್ಲಬೇ. ಮೀನಿನ ನೆರಮನಿ."
"ನೆರಮನ್ಯಾಗಿನ ನಾತ ಹತ್ತತೈತಲ್ಲ?"
"ಹತ್ತತೈತಿ. ನನ್ನ ಅಂಗಿಗೂ ನಿಮ್ಮ ಎಮ್ಮಿ ವಾಸನಿ ಹತ್ತೇತಿ,
ನಾ ಏನ ಎಮ್ಮಿ ಆದೆನೇನು?"

ನಗು ಬಂತು, ತೋರಸಲಿಲ್ಲ.
ಅಷ್ಟು ದೂರದ್ದು ಇಲ್ಲೆ ಒಗ್ಗತೈತೇನು ಅಂದ್ಳು.
ನಾನು ಕೆರಿ ಕಡೆ ಕೈ ಮಾಡಿದೆ:
ಚಳಿ ಬಿತ್ತಂದ್ರ ಹಿಮಾಲಯ ದಾಟಿ ಬಾತು ಬರತಾವ ಮಾಗಡಿ ಕೆರಿಗೆ,
ನಮ್ಮ ಕಡಲಿ ಹೊಲದಾಗ ಮೇದು ಹೋಗತಾವ.
ಒಗ್ಗತೈತೋ ಇಲ್ಲೋ ಅಂತ ಯಾರ ಕೇಳ್ಯಾರ?

ಸಂಜಿಕೆ ಹಿಂಡಿಯೊಳಗ ಒಂದು ಮುಷ್ಟಿ,
ಅದೂ ಆಕಿ ಮುಷ್ಟಿ, ಸಣ್ಣದು.
ಸಣ್ಣಕ್ಕ ಮೂಸಿತು. ಉಸ್ ಅಂತ ಊದಿತು,
ಪುಡಿ ಹಾರಿ ಫಕ್ಕೀರವ್ವನ ಮಾರಿಗೆ ಬಡೀತು.
ಆಮ್ಯಾಲ ಬಾನಿ ಬಿಟ್ಟು, ಮದಲ,
ಆಕಿ ಕೈ ನೆಕ್ಕಿತು.
ಬೆರಳ ಸಂದಿ ಸಂದಿ ಹುಡಕಿ ನೆಕ್ಕಿತು.

ಫ್ಯಾಟು ಏರಿತೇನು ಅಂತ ಕೇಳತೀರಿ.
ಏಳು ಇದ್ದದ್ದು ಏಳು ಪಾಯಿಂಟ ಒಂದಾತು.
ಆ ಒಂದು ನನ್ನ ಮಶಿನ್ನಿಂದೂ ಇದ್ದೀತು,
ಡೇರಿ ಪುಸ್ತಕದಾಗ ನಾ ಸುಳ್ಳು ಬರಿಯೂದಿಲ್ಲ.
ಆದ್ರ ದೀವಳಿಗಿ ಕಳೆಯೂದರಾಗ
ಸೀರಿ ತಂತಿಮ್ಯಾಲ ಪೂರಾ ಒಣಗಿತು.
ಗ್ವಾಡೀನೂ ಒಣಗಿತು.
"ಮಾರಿಗೆ ಕಳೆ ಬಂದೈತಿ ನೋಡು," ಅಂದ್ಳು,
ಅಂದ ಮ್ಯಾಲ ತನ್ನ ಮಾತು ತಾನ ಕೇಳಿ ಸುಮ್ಮನಾದ್ಳು.

ಸಾರಿಸುವಾಗ ಇಡೀ ಗ್ವಾಡಿ ಸಾರಿಸಿ
ಆ ತಗ್ಗು ಬಿಟ್ಟಾಳ.
ಯಾಕಬೇ ಅಂದೆ.
"ಮೂರು ವರ್ಷ ಬಾಯಿಬಿಟ್ಟು ಹೇಳಿತ್ತಪಾ. ಇರಲಿ."

ಈಗ ಉಳ್ಳಾಗಡ್ಡಿ ಮಡಿಯೊಳಗ ಕುಂತಾಳ,
ಕಳೆ ಕೀಳತಾಳ ಎಂದಿನಂಗ,
ಬದುವಿಗೆ ಒಗಿಯೂಕಿಂತ ಮದಲ
ಯಾರೂ ನೋಡವಲ್ರು ಅಂತ ತಿಳದು
ಒಂದೀಟು ಮೂಗಿಗೆ ಹಿಡೀತಾಳ.