ಒರೆ

ರಾತ್ರಿ ಮೂರು. ನೆರಿಮಾದಲ್ಲಿ,
ಇಸ್ತ್ರಿ ಅಂಗಡಿಯ ಮೇಲಿನ ಈ ಕೋಣೆಯಲ್ಲಿ
ಮತ್ತೆ ಅದೇ ಜಗಳ: ನಮ್ಮ ಮಾಂಗಾದಲ್ಲಿ
ಎಲ್ಲರನ್ನೂ ಮೀರಿಸುವ ಕತ್ತಿವೀರ ಯಾರು?

"ಕುರೊತ್ಸುಬೊ," ಅನ್ನುತ್ತಾನೆ ಮಿನೆಗಿಶಿ,
ಸೇತುವೆಯ ಹಲಗೆಗಳಿಗೆ ಗೀಟೆಳೆಯುತ್ತ.
"ನೂರ ಹನ್ನೆರಡು ಜನ. ಎಣಿಸಿದ್ದೇನೆ.
ಬಿದ್ದವರ ಒಂದೊಂದು ಹುಲ್ಲುಚಪ್ಪಲಿಯನ್ನೂ ಬಿಡಿಸಿದ್ದು ನಾನು."

"ಎಣಿಕೆ ಕಟುಕನಿಗೂ ಉಂಟು." ಉತ್ಸುಗಿ ತಲೆಯೆತ್ತುವುದಿಲ್ಲ.
"ಹಿಬಾರಾ ಅಜ್ಜಿ ನಲವತ್ತು ಅಧ್ಯಾಯದಿಂದ
ಕತ್ತಿಯನ್ನು ಒರೆಯಿಂದ ಹಿರಿದೇ ಇಲ್ಲ.
ಎದುರು ನಿಂತವರು ತಾವಾಗಿ ದಾರಿ ಬಿಟ್ಟರು."

"ಹಿರಿಯದ ಕತ್ತಿಯನ್ನು ಒರೆಗೆ ಹಚ್ಚುವುದು ಹೇಗೆ ಮಾರಾಯ್ತಿ?"

ನಾನು ಕೂದಲಿಗೆ ಕಪ್ಪು ತುಂಬುತ್ತಿದ್ದೇನೆ.
ಗುರುಗಳು ಮೇಜಿನಡಿ ಮಲಗಿದ್ದಾರೆ,
ಮಣಿಕಟ್ಟಿಗೆ ನೋವಿನ ಪಟ್ಟಿ, ಕರ್ಪೂರದ ವಾಸನೆ.
ಎಬ್ಬಿಸಿ ಕೇಳಿದ್ದಕ್ಕೆ
"ಮೊಟ್ಟೆ ಸ್ಯಾಂಡ್‌ವಿಚ್ ಉಳಿದಿದೆಯಾ?" ಅಂದು
ಮಗ್ಗುಲು ಬದಲಿಸಿದರು.

ಮೂರು ವಾರವಾಯಿತು.
ಇವರಿಬ್ಬರೂ ಮೊದಲ ರೈಲಿಗೆ ಹೋದ ಮೇಲೆ
ಅಲಗುಗಳನ್ನು ಎಳೆಯುವವಳು ನಾನು:
ಸ್ಕೇಲಿಲ್ಲದೆ, ಒಂದೇ ಉಸಿರಿಗೆ,
ಹಿಡಿಯಿಂದ ಮೊನೆಯವರೆಗೆ.
ನಡುಗಿದರೆ ಬಿಳಿ ಬಳಿದು
ಆರುವವರೆಗೆ ಕಾಯುವುದು.
ಗುರುಗಳು ಪಕ್ಕದಲ್ಲಿ ನಿಂತು
ನನ್ನ ಕೈ ನೋಡುವುದಿಲ್ಲ, ಕಿಟಕಿ ನೋಡುತ್ತಾರೆ.

ಈ ವಾರದ ಓದುಗರ ಕಾರ್ಡುಗಳಲ್ಲಿ ಒಂದು,
ಅಕಿತಾದ ಹುಡುಗ, ಐದನೇ ಕ್ಲಾಸು:
"ಕುರೊತ್ಸುಬೊನ ಏಟು ಈಚೆಗೆ
ಮೊದಲಿಗಿಂತ ಹೆದರಿಕೆ ಹುಟ್ಟಿಸುತ್ತದೆ.
ಯಾರ ಹತ್ತಿರ ಕಲಿತ?"

ಕಾರ್ಡನ್ನು ಮಸಿಕುಡಿಕೆಯ ಕೆಳಗಿಟ್ಟೆ.
"ನೀನೇ ಹೇಳು ಸೊಗಾ, ಯಾರು?"

ತಡಿ, ಅಂದೆ,
ನಿಬ್ಬು ತೊಳೀತಿದ್ದೀನಿ.